ಖಾಲಿ ಕೋಣೆಯ ಗ್ಲೌಸು

ಬೆಳಗಿನ ಸುತ್ತು ಮುಗಿಸಿ ದೊಡ್ಡಕ್ಕ ಮಕ್ಕಳ ವಾರ್ಡಿನ ಕೊನೆಗೆ ಬಂದಾಗ ಅಲ್ಲೊಬ್ಬ ಮೇಸ್ತ್ರಿ ಗೋಡೆಗೆ ಟೇಪು ಹಿಡಿದು ನಿಂತಿದ್ದ. ಕಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಲೆಕ್ಕ.

“ಏನಪ್ಪಾ, ಏನು ಅಳೀತಿದೀಯ?”

“ಗೋಡೆ, ಸಿಸ್ಟರ್. ಇದನ್ನ ಒಡೀಬೇಕಂತೆ.”

“ಯಾರು ಹೇಳಿದ್ದು?”

“ಮೇಲಿನವರು.”

“ಮೇಲಿನವರು ಅಂದ್ರೆ? ದೇವರಾ?”

“ಮೂರನೇ ಮಹಡಿಯವರು” ಎಂದ ಮೇಸ್ತ್ರಿ, ಇಬ್ಬರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲವೆಂಬಂತೆ.

ಆ ಗೋಡೆಯ ಆಚೆಗಿದ್ದದ್ದು ಒಳಕೋಣೆ. ದಡಾರ, ನಾಯಿಕೆಮ್ಮು, ಸೀತಾಳೆ ಸಿಡುಬು, ಹೀಗೆ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯ ಮಕ್ಕಳನ್ನು ಬೇರೆಯಾಗಿ ಮಲಗಿಸುವ ಜಾಗ. ನಾಲ್ಕು ಮಂಚ, ಹೊರಗಿನಿಂದ ಪ್ರತ್ಯೇಕ ಬಾಗಿಲು, ಬಾಗಿಲ ಬಳಿಯೇ ಕೈ ತೊಳೆಯುವ ಬೇಸಿನ್ನು, ವಾರ್ಡಿನ ಕಡೆಗೆ ತೆರೆಯಲು ಬಾರದ ಗಾಜಿನ ಕಿಟಕಿ. ಗೋಡೆಯ ಈಚೆಗೆ ಆಪರೇಷನ್ ಆದ ಮಕ್ಕಳು, ರಕ್ತದ ಕಾಯಿಲೆಯ ಮಕ್ಕಳು, ಪಕ್ಕದವರು ಸೀನಿದರೂ ಸೋಲುವಂಥ ಮಕ್ಕಳು. ಗೋಡೆ ಬಿದ್ದರೆ ಅವರೆಲ್ಲ ಒಂದೇ ಗಾಳಿ ಉಸಿರಾಡಬೇಕು. ಈ ವಾರ್ಡಿನ ಹಿರಿಯ ನರ್ಸಾಗಿ, ಉಸ್ತುವಾರಿಯಾಗಿ ತಲೆ ಅರ್ಧ ನೆರೆಸಿಕೊಂಡಿದ್ದ ದೊಡ್ಡಕ್ಕನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮೂರನೇ ಮಹಡಿ ಎಂದರೆ ಆಡಳಿತ. ಆಡಳಿತ ಎಂದರೆ ಈಚೆಗೆ ಬಲ್ಲಜ್ಜ. ಕಾಗದಪತ್ರದಲ್ಲಿ ಅವನ ಹೆಸರು ‘ಜ್ಞಾನ ನಿರ್ವಹಣಾ ವ್ಯವಸ್ಥೆ’. ಅಷ್ಟುದ್ದ ಹೇಳುವಷ್ಟರಲ್ಲಿ ಒಂದು ಬಾಟಲಿ ಡ್ರಿಪ್ ಮುಗಿದಿರುತ್ತದೆಂದು ನರ್ಸುಗಳು ಬಲ್ಲಜ್ಜನೆಂದು ಕರೆದರು, ಅದೇ ನಿಂತಿತು. ಆಸ್ಪತ್ರೆಯ ಎಲ್ಲ ಕಂಪ್ಯೂಟರುಗಳಲ್ಲೂ ಅವನ ವಾಸ. ಯಾವ ಮಂಚದಲ್ಲಿ ಯಾರಿದ್ದಾರೆ, ಯಾವ ಸಾಮಾನು ಎಲ್ಲಿ ಎಷ್ಟು ಖರ್ಚಾಯಿತು, ಹಿಂದೆ ಇಂಥದೇ ಪೇಚು ಬಂದಾಗ ಯಾರು ಏನು ತೀರ್ಮಾನಿಸಿದರು, ಅದರಿಂದ ಒಳ್ಳೆಯದಾಯಿತೋ ಕೆಟ್ಟದ್ದೋ, ಡಾಕ್ಟರುಗಳೂ ನರ್ಸುಗಳೂ ಅನುಭವದಿಂದ ಕಲಿತದ್ದೇನು, ಎಲ್ಲವನ್ನೂ ಒಂದೆಡೆ ಕೂಡಿಟ್ಟುಕೊಂಡು ಕೇಳಿದವರಿಗೆ ಸಲಹೆ ಕೊಡುವುದು ಅವನ ಕೆಲಸ. ದಡ್ಡನೇನಲ್ಲ. ಒಂದಕ್ಕೊಂದು ಆಗಿಬರದ ಎರಡು ಔಷಧಗಳನ್ನು ಹಿಡಿದುಕೊಟ್ಟು ಅವನು ಒಂದು ಮಗುವನ್ನು ಉಳಿಸಿದ್ದನ್ನು ದೊಡ್ಡಕ್ಕ ಕಣ್ಣಾರೆ ಕಂಡಿದ್ದಳು.

ನರ್ಸುಗಳ ಮೇಜಿನ ಕಂಪ್ಯೂಟರಿನಲ್ಲಿ ಅವಳು ಬಲ್ಲಜ್ಜನ ಹೊಸ ಸಲಹೆಯನ್ನು ತೆರೆದಳು. ‘ಒಳಕೋಣೆ ಬಹುಪಾಲು ಖಾಲಿ ಇರುತ್ತದೆ. ಪಕ್ಕದ ವಾರ್ಡಿನಲ್ಲಿ ಸದಾ ಜಾಗದ ಕೊರತೆ. ಗೋಡೆ ತೆಗೆದು ಎರಡನ್ನೂ ಸೇರಿಸುವುದು ಸೂಕ್ತ.’ ಕೆಳಗೆ, ಪರಿಶೀಲಿಸಿದವರು: ಮಾಹಿತಿ ಅಧಿಕಾರಿ.

ಮಾಹಿತಿ ಅಧಿಕಾರಿ ಎಂದರೆ ಅವಳ ನಾದಿನಿ. ಗಂಡನ ತಂಗಿ. ಮನೆಯಲ್ಲಿ ಪುಟ್ಟಿ.

“ಖಾಲಿಯಂತೆ!” ಎಂದು ಭುಜದ ಮೇಲಿಂದ ಇಣುಕಿ ಓದಿದ ಕಿರಿಯ ನರ್ಸು ಚೀರಿದಳು. ಮಾತಿನ ಖಾರಕ್ಕೆ ಅವಳಿಗೆ ಮೆಣಸಿನಕಾಯಿ ಎಂದೇ ಹೆಸರು. “ಹಾಗಾದ್ರೆ ಒಳಗೆ ಎರಡು ದಿನದಿಂದ ಕೆಮ್ತಿರೋದು ಯಾರಕ್ಕಾ, ದೆವ್ವಾನಾ?”

“ಬಾಯಿ ಮುಚ್ಚು. ಹೊಸ ಮಗು ಬಂದಿದೆ, ನೋಡು.”

ಮೈತುಂಬ ದಡಾರದ ದದ್ದು ಎದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ತಾಯಿಯೊಬ್ಬಳು ಹೊರಬಾಗಿಲಲ್ಲಿ ನಿಂತಿದ್ದಳು. ದೊಡ್ಡಕ್ಕ ಅವಳಿಗೆ ಗೌನು, ಮಾಸ್ಕು, ಗ್ಲೌಸು ಕೊಟ್ಟು, ಎಂದಿನಂತೆ ಹೇಳಿದಳು: “ಒಳಗೆ ಹೋದ್ಮೇಲೆ ವಾರ್ಡಿನ ಕಡೆ ಕಾಲಿಡಬಾರದು. ಊಟ ಇಲ್ಲಿಗೇ ಬರುತ್ತೆ. ಮಗು ಮುಟ್ಟಿದ್ಮೇಲೆ ಕೈ ತೊಳೀಬೇಕು. ಗೊತ್ತಾಯ್ತಾ ತಾಯಿ?” ಮೆಣಸಿನಕಾಯಿ ಕಂಪ್ಯೂಟರಿನಲ್ಲಿ ಎಂದಿನಂತೆ ‘ವಾರ್ಡು, ಹೆಚ್ಚುವರಿ ಮಂಚ’ ಎಂದು ಒತ್ತಿ, ತಾಯಿಯ ಪಾಸನ್ನು ಕೈಗಿತ್ತಳು. ತಾಯಿ ಮಗು ಒಳಕೋಣೆಗೆ ಹೋದರು. ದೊಡ್ಡಕ್ಕನ ಮನಸ್ಸೆಲ್ಲ ಆ ಒಂದು ಪದದ ಮೇಲಿತ್ತು: ಖಾಲಿ. ಇಷ್ಟು ದೊಡ್ಡ ಸುಳ್ಳನ್ನು ಪುಟ್ಟಿ ಯಾಕೆ ಹೇಳಿದಳು?

ಸಂಜೆ ಊಟಕ್ಕೆ ಪುಟ್ಟಿ ಮಹಡಿಯಿಂದ ಇಳಿದು ಬಂದಳು. ಅಣ್ಣನ ಮನೆಯ ಮೇಲಿನ ಕೋಣೆ ಅವಳದು, ಊಟ ಮಾತ್ರ ಎಲ್ಲರದೂ ಒಟ್ಟಿಗೆ. ಬಸ್ ಓಡಿಸುವ ಅಣ್ಣ ರಸ್ತೆಯಲ್ಲಿ ಎಷ್ಟು ಹಾರನ್ ಹೊಡೆಯುತ್ತಿದ್ದನೋ, ಮನೆಯಲ್ಲಿ ಅಷ್ಟೇ ಮೌನಿ.

“ಪುಟ್ಟಿ, ನಮ್ಮ ಒಳಕೋಣೆ ಖಾಲಿ ಅಂತ ಯಾರಮ್ಮ ಹೇಳಿದ್ದು?”

“ಆಫೀಸಿನ ವಿಷಯ ಮನೇಲಿ ಬೇಡ ಅತ್ತಿಗೆ.”

“ಹೌದಾ? ಗೋಡೆ ಒಡೆಸೋ ಮೊದಲು ಮನೇಲಿ ಒಂದು ಮಾತು ಹೇಳಬಹುದಿತ್ತು.”

ಪುಟ್ಟಿ ತಟ್ಟೆ ನೋಡುತ್ತಾ ತಗ್ಗಿದ ದನಿಯಲ್ಲಿ, “ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಆ ಕೋಣೆ ವಿಷಯ ಕೆದಕಬೇಡಿ” ಎಂದಳು.

“ಕೆದಕಿದ್ರೆ?”

“ಕೆದಕಬೇಡಿ ಅಂದೆ, ಅಷ್ಟೇ.”

“ಉಪ್ಪು” ಎಂದ ಗಂಡ. ಅಡಕತ್ತರಿಗೆ ಸಿಕ್ಕವನಿಗೆ ಉಪ್ಪು ಬಿಟ್ಟು ಬೇರೇನು ಕೇಳಲು ತೋಚೀತು? ಇಬ್ಬರೂ ಒಟ್ಟಿಗೇ ಉಪ್ಪಿನ ಬಟ್ಟಲನ್ನು ಅವನತ್ತ ತಳ್ಳಿದರು.

ಒಳ್ಳೆಯದಕ್ಕೇ ಎಂಬ ಮಾತು ದೊಡ್ಡಕ್ಕನ ಕಿವಿಯಲ್ಲಿ ಇರುವೆಯಂತೆ ಹರಿದಾಡಿತು. ಬೆದರಿಕೆ ಹಾಕುವವರೆಲ್ಲ ಮೊದಲು ಆಡುವುದು ಅದನ್ನೇ ಅಲ್ಲವೆ? ಈಚೆಗೆ ಪುಟ್ಟಿ ತನ್ನ ಜೊತೆ ಮಾತು ಕಡಿಮೆ ಮಾಡಿದ್ದು ನೆನಪಾಯಿತು. ಆಸ್ಪತ್ರೆಯ ಮೆಟ್ಟಿಲಲ್ಲಿ ಎದುರಾದರೆ ಫೋನು ನೋಡುತ್ತಾ ದಾಟಿ ಹೋಗುತ್ತಿದ್ದಳು. ಒಮ್ಮೆ ಸಂಶಯ ಹೊಕ್ಕರೆ ಹಿಂದಿನದಕ್ಕೆಲ್ಲ ಹೊಸ ಅರ್ಥ ಬರುತ್ತದೆ.

ಮಾರನೆಯ ದಿನ ಮೆಣಸಿನಕಾಯಿ ಆ ಬೆಂಕಿಗೆ ಎರಡು ಸೌದೆ ಹಾಕಿದಳು. “ಅಕ್ಕಾ, ಬಲ್ಲಜ್ಜನ ಸಲಹೆಯಿಂದ ಜಾಗ ಉಳಿಸಿ ತೋರಿಸಿದವರಿಗೆ ಬಡ್ತಿಯಂತೆ. ಇನ್ನೊಂದು ಕೇಳಿ. ನಿಮ್ಮ ನಾದಿನಿ ತಾವೇ ಖುದ್ದಾಗಿ ಉಗ್ರಾಣಕ್ಕೆ ಬಂದಿದ್ರಂತೆ. ನಮ್ಮ ವಾರ್ಡಿಗೆ ಏನೇನು ಸಾಮಾನು ಹೋಗಿದೆ ಅಂತ ಕೇಳಿದ್ರಂತೆ. ಯಾಕೆ ಅಂದ್ರೆ ಸುಮ್ನೆ ಅಂದ್ರಂತೆ. ಮೂರನೇ ಮಹಡಿಯವರು ಸುಮ್ನೆ ಯಾವತ್ತಾದ್ರೂ ಕೆಳಗೆ ಇಳಿದಿದಾರಾ?”

ದೊಡ್ಡಕ್ಕ ಕಂಪ್ಯೂಟರಿನ ಮುಂದೆ ಕುಳಿತು ಬಲ್ಲಜ್ಜನ ಸಲಹೆಯನ್ನು ಮತ್ತೆ ತೆರೆದಳು. ಈ ಸಲ ತಲೆಬರಹ ಬಿಟ್ಟು ಬುಡದಿಂದ ಓದಿದಳು. ಸಲಹೆ ಕೊಟ್ಟ ಮೇಲೆ ಅದಕ್ಕೆ ಆಧಾರವೇನೆಂದು ಹೇಳುವುದು ಬಲ್ಲಜ್ಜನ ಪದ್ಧತಿ. ಇಲ್ಲಿ ಮೂರು ಆಧಾರಗಳಿದ್ದವು: ಮಂಚಗಳ ಸ್ಥಿತಿ, ದಾಖಲಾದ ಮಕ್ಕಳ ಲೆಕ್ಕ, ಹಳೆಯ ಸಭೆಗಳ ತೀರ್ಮಾನ. ಹೋಲಿಸಿ ನೋಡಲು ಹೆರಿಗೆ ವಾರ್ಡಿನ ಒಂದು ಸಲಹೆಯನ್ನು ತೆರೆದಳು. ಅಲ್ಲಿ ನಾಲ್ಕನೆಯದೂ ಇತ್ತು, ಸಾಮಾನುಗಳ ಬಳಕೆ. ಮೂಳೆ ವಾರ್ಡಿನದು, ಅಲ್ಲೂ ಇತ್ತು. ತನ್ನ ವಾರ್ಡಿಗೆ ಮಾತ್ರ ಇಲ್ಲ. ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಒಂದು ಆಧಾರವನ್ನು ಕೈಬಿಡಲಾಗಿದೆ’.

ಕೈಬಿಟ್ಟವರ ಕೈ ಯಾವುದೆಂದು ಬಲ್ಲಜ್ಜನನ್ನು ಕೇಳುವ ಅಗತ್ಯವೇ ಇರಲಿಲ್ಲ. ದೊಡ್ಡಕ್ಕ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು.

ಪುಟ್ಟಿಯ ಕೋಣೆಯಲ್ಲಿ ಎರಡು ಪರದೆ, ಒಂದು ಸತ್ತುಹೋದ ಹೂಕುಂಡ, ಗೋಡೆಗೆ ಆಸ್ಪತ್ರೆಯ ನಕ್ಷೆ. ಅತ್ತಿಗೆಯನ್ನು ಕಂಡದ್ದೇ ಅವಳು ಎದ್ದು ಬಾಗಿಲು ಹಾಕಿದಳು. ಬಾಗಿಲು ಹಾಕಿದ್ದು ದೊಡ್ಡಕ್ಕನಿಗೆ ಸ್ವಲ್ಪವೂ ಹಿಡಿಸಲಿಲ್ಲ.

“ಏನು ತೆಗೆದೆ?”

“ಕೂತ್ಕೊಳ್ಳಿ ಅತ್ತಿಗೆ.”

“ಕೂರೋಕೆ ಬಂದಿಲ್ಲ. ಸಾಮಾನಿನ ಲೆಕ್ಕ ಯಾಕೆ ತೆಗೆದೆ? ಯಾರು ತೆಗೆಸಿದ್ದು?”

“ಯಾರೂ ತೆಗೆಸಿಲ್ಲ. ನಾನೇ ತೆಗೆದೆ.” ಪುಟ್ಟಿ ಬಾಗಿಲತ್ತ ನೋಡಿ ದನಿ ಇಳಿಸಿದಳು. “ಗ್ಲೌಸು, ಅತ್ತಿಗೆ. ಖಾಲಿ ಬಿದ್ದಿರೋ ಕೋಣೆಗೆ ತುಂಬಿರೋ ವಾರ್ಡಿಗಿಂತ ಜಾಸ್ತಿ ಗ್ಲೌಸು, ಮಾಸ್ಕು, ಗೌನು ಹೋಗಿದೆ. ಒಂದು ತಿಂಗಳಲ್ಲ, ವರ್ಷಗಟ್ಟಲೆ. ಬಲ್ಲಜ್ಜ ಅದನ್ನ ಎತ್ತಿ ತೋರಿಸ್ದ, ಅನುಮಾನಾಸ್ಪದ ಅಂತ. ಆಡಳಿತಾಧಿಕಾರಿ ಸಾಹೇಬರ ಕಣ್ಣಿಗೆ ಬಿದ್ರೆ ಪೊಲೀಸು ಬರೋದು ನಿಮ್ಮ ಮೇಜಿನ ಹತ್ರ.”

ದೊಡ್ಡಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕುರ್ಚಿ ಬೇಕಾಯಿತು.

“ಅಂದ್ರೆ ನಿನ್ನ ಕಣ್ಣಿಗೆ ನಾನು ಗ್ಲೌಸು ಕಳ್ಳಿ.”

“ನೀವಲ್ಲ. ನಿಮ್ಮ ಹುಡುಗೀರಲ್ಲಿ ಯಾರೋ ಹೊರಗೆ ಮಾರ್ತಿದಾರೆ, ನೀವು ಗೊತ್ತಿದ್ದೂ ಸುಮ್ಮನಿದ್ದೀರಿ ಅಂತ.”

“ಓಹೋ. ಕಳ್ಳಿ ಅಲ್ಲ, ಕಳ್ಳರ ಯಜಮಾನಿ. ಇಷ್ಟು ದಿನ ಅದನ್ನ ಹೊಟ್ಟೇಲಿಟ್ಕೊಂಡು ನನ್ನ ಕೈಯಡುಗೆ ತಿಂದ್ಯಾ?”

“ತಿಂದೆ. ಕೇಳಿದ್ರೆ ಏನು ಹೇಳ್ತೀರೋ ಅನ್ನೋ ಭಯಕ್ಕೆ ಕೇಳ್ದೆ ತಿಂದೆ. ನೀವು ನನ್ನ ಬಗ್ಗೆ ಏನು ಅಂದ್ಕೊಂಡಿದ್ರಿ, ಅದನ್ನೂ ಹೇಳಿಬಿಡಿ.”

ಬಡ್ತಿಗಾಗಿ ಗೋಡೆ ಮಾರಿದವಳು ಎಂದು ಹೇಳಲು ದೊಡ್ಡಕ್ಕನಿಗೆ ಬಾಯಿ ಬರಲಿಲ್ಲ. “ಅವು ತಾಯಂದಿರು ಹಾಕ್ಕೊಂಡ ಗ್ಲೌಸು ಕಣೇ” ಎಂದಳು.

“ಯಾವ ತಾಯಂದಿರು? ಒಳಕೋಣೆಗೆ ತಾಯಂದಿರನ್ನ ಬಿಡೋ ಹಾಗೇ ಇಲ್ವಲ್ಲ.”

ನಿಯಮ ಹಾಗೇ ಇತ್ತು. ಒಳಕೋಣೆಯ ಮಗುವನ್ನು ತಾಯಿ ಗಾಜಿನ ಆಚೆಯಿಂದ ನೋಡಬೇಕು. ಮಗುವಿನ ಹೆಸರಿನ ಮುಂದೆ ‘ಒಳಕೋಣೆ’ ಎಂದು ಬರೆದ ಮರುಕ್ಷಣ ಬಲ್ಲಜ್ಜ ತಾಯಿಯ ಪಾಸನ್ನು ರದ್ದು ಮಾಡುತ್ತಾನೆ, ಭೇಟಿಯ ಹೊತ್ತು ಬಿಟ್ಟರೆ ಗೇಟಿನ ಕಾವಲುಗಾರ ಒಳಗೆ ಬಿಡುವುದಿಲ್ಲ. ಗಾಜಿನ ಈಚೆ ಮಗು, ಆಚೆ ತಾಯಿ ಅತ್ತದ್ದನ್ನು ನೋಡಲಾರದೆ ದೊಡ್ಡಕ್ಕನ ಹುಡುಗಿಯರು ಒಂದು ಉಪಾಯ ಕಂಡುಕೊಂಡಿದ್ದರು. ಮಗುವನ್ನು ಮಲಗಿಸುವುದು ಒಳಕೋಣೆಯಲ್ಲಿ, ಬರೆಯುವುದು ವಾರ್ಡಿನ ಹೆಚ್ಚುವರಿ ಮಂಚದಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವರ್ಷಗಳು ಕಳೆದಂತೆ ಅದು ಉಪಾಯವೆಂಬುದೂ ಮರೆತುಹೋಗಿತ್ತು. ಅವರ ಪಾಲಿಗೆ ಆ ಎರಡು ಪದ ಮಂಚದ ಲೆಕ್ಕವೇ ಅಲ್ಲ, ತಾಯಿಯ ಪಾಸು.

“ಅತ್ತಿಗೆ” ಎಂದಳು ಪುಟ್ಟಿ, ನಿಧಾನವಾಗಿ, ಪರದೆಯ ಮೇಲೆ ಬೆರಳಿಟ್ಟು. “ನಿಮ್ಮ ವಾರ್ಡಲ್ಲಿ ಹೆಚ್ಚುವರಿ ಮಂಚ ಎಷ್ಟಿದೆ?”

“ಒಂದೂ ಇಲ್ಲ. ಇಡೋಕೆ ಜಾಗ ಎಲ್ಲಿದೆ…”

ಮಾತು ಅಲ್ಲಿಗೇ ನಿಂತಿತು. ವಾರ್ಡು ಸದಾ ತುಂಬಿ ತುಳುಕುತ್ತಿದೆ, ಒಳಕೋಣೆ ಸದಾ ಖಾಲಿ ಎಂದು ವರ್ಷಗಟ್ಟಲೆ ಬಲ್ಲಜ್ಜನ ಕಿವಿಗೆ ಊದಿದವರು ಮೂರನೇ ಮಹಡಿಯವರಲ್ಲ. ಅವನೋ, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವವನು. ಹಾಗಿದ್ದೂ ಒಂದು ಕಡೆ ಅವನಿಗೇ ಅನುಮಾನ ಬಂದಿತ್ತು, ಖಾಲಿ ಕೋಣೆಗೆ ಗ್ಲೌಸೇಕೆಂದು. ಆ ಅನುಮಾನದ ಬಾಯಿಗೆ ಬಟ್ಟೆ ತುರುಕಿದ್ದು ಪುಟ್ಟಿ, ಅತ್ತಿಗೆಯ ಮಾನ ಕಾಯಲು.

“ನಿಜ ಹೇಳಿಬಿಡ್ತೀನಿ” ಎಂದಳು ದೊಡ್ಡಕ್ಕ.

“ಹೇಳಿದ್ರೆ ಗೋಡೆ ಉಳಿಯುತ್ತೆ. ತಾಯಂದಿರು ಹೊರಗೆ ಹೋಗ್ತಾರೆ.”

“ಇಷ್ಟು ವರ್ಷ ತಾಯಂದಿರು ಒಳಗಿದ್ದು ಏನಾಯ್ತು? ನನಗೆ ತಿಳಿದ ಮಟ್ಟಿಗೆ ಒಂದು ಮಗೂಗೂ ಈ ಕಡೆ ಅಂಟಿಲ್ಲ.”

“ಅದನ್ನ ಬಲ್ಲಜ್ಜನಿಗೆ ಬರೆದಿದ್ದೀರಾ? ಅನುಭವದ ಟಿಪ್ಪಣಿ ಅಂತ ಜಾಗ ಇರೋದೇ ಅದಕ್ಕೆ.”

“ಬರೆದ್ರೆ ಸಿಕ್ಕಿಬೀಳ್ತಿರಲಿಲ್ವಾ?”

“ಹಾಗಾದ್ರೆ ಅವನ ಪಾಲಿಗೆ ಅದು ನಡೆದೇ ಇಲ್ಲ, ಅತ್ತಿಗೆ. ನಿಯಮ ಬದಲಾಯಿಸ್ಬೇಕು ಅಂದ್ರೆ ಸಾಹೇಬರು ಆಧಾರ ಕೇಳ್ತಾರೆ. ಇದ್ದ ಒಂದು ಆಧಾರಾನ ನೀವೇ ಬಚ್ಚಿಟ್ರಿ.”

ದೊಡ್ಡಕ್ಕ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ತಿರುಗಿದಳು. “ನನ್ನ ಮಾತು ನಂಬಬೇಕಾದ್ರೆ ಗ್ಲೌಸಿನ ಲೆಕ್ಕ ಬೇಕು. ಕೊಡ್ತೀಯಾ?”

“ಆಧಾರ ಕೈಬಿಟ್ಟಿದ್ದು ಗೊತ್ತಾದ್ರೆ ನನ್ನ ಕೆಲಸಾನೇ ಹೋಗಬಹುದು” ಎಂದಳು ಪುಟ್ಟಿ. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಸಭೆ ಅದೇ ವಾರ ನಡೆಯಿತು. ಆಡಳಿತಾಧಿಕಾರಿಗೆ ಯಾವ ಕಾಗದ ಕೊಟ್ಟರೂ ‘ಸಾರಾಂಶ ಹೇಳಿ’ ಎನ್ನುವ ಅಭ್ಯಾಸವಿದ್ದುದರಿಂದ ಬೆನ್ನ ಹಿಂದೆ ಅವರು ಸಾರಾಂಶ ಸಾಹೇಬರು. ಉದ್ದನೆಯ ಮೇಜಿನ ಒಂದು ತುದಿಗೆ ಅವರು, ಪಕ್ಕದಲ್ಲಿ ಮಕ್ಕಳ ಡಾಕ್ಟರು, ಎದುರಿಗೆ ಪರದೆಯ ಹತ್ತಿರ ಪುಟ್ಟಿ.

ದೊಡ್ಡಕ್ಕ ಎದ್ದು ನಿಂತು ಸುತ್ತಿ ಬಳಸದೆ ಹೇಳಿದಳು. ಒಳಕೋಣೆ ಖಾಲಿ ಇಲ್ಲ, ಇದ್ದದ್ದೂ ಇಲ್ಲ. ತಾಯಂದಿರನ್ನು ಒಳಗೆ ಬಿಡಲು ನಾವೇ ಬೇರೆ ಕಡೆ ಬರೆಯುತ್ತಿದ್ದೆವು. ಹಾಗೆ ಬರೆಯಲು ಬಿಟ್ಟವಳು ನಾನು.

ಸಾಹೇಬರು ಕನ್ನಡಕ ತೆಗೆದರು. “ಸಿಸ್ಟರ್, ಇಷ್ಟು ವರ್ಷ ಖಾಲಿ ಇದ್ದ ಕೋಣೆ ಗೋಡೆ ಒಡೀತೀವಿ ಅಂದ ತಕ್ಷಣ ತುಂಬಿಬಿಡ್ತಾ?”

“ತುಂಬಿತ್ತು ಸರ್. ಬಂದು ನೋಡಿ.”

“ಇವತ್ತು ಬಂದು ನೋಡಿದ್ರೆ ಇವತ್ತಿನದು ಕಾಣುತ್ತೆ. ಕೋಣೆ ಉಳಿಸ್ಕೊಳ್ಳೋಕೆ ಇವತ್ತು ನಾಲ್ಕು ಮಕ್ಕಳನ್ನ ಅಲ್ಲಿ ಮಲಗಿಸೋದು ಕಷ್ಟವಾ? ಹಿಂದಿನದಕ್ಕೆ ಏನು ಸಾಕ್ಷಿ?”

ದೊಡ್ಡಕ್ಕ ಮಕ್ಕಳ ಡಾಕ್ಟರತ್ತ ನೋಡಿದಳು. ದಿನಾ ಬೆಳಿಗ್ಗೆ ಒಳಕೋಣೆಗೆ ಬಂದು, ಗೌನು ತೊಟ್ಟ ತಾಯಂದಿರ ಜೊತೆಯೇ ಮಾತಾಡಿ ಹೋಗುತ್ತಿದ್ದ ಡಾಕ್ಟರು ಈಗ ತಮ್ಮ ಪೆನ್ನಿನ ಮುಚ್ಚಳವನ್ನು ಪರೀಕ್ಷಿಸುತ್ತಿದ್ದರು. ಪುಟ್ಟಿಯತ್ತ ನೋಡಿದಳು. ಪುಟ್ಟಿ ತಲೆ ಎತ್ತಲಿಲ್ಲ. ಕೈಬಿಡುವುದು ಇವಳಿಗೆ ಹೊಸತೇನಲ್ಲವಲ್ಲ, ಎಂದುಕೊಂಡಳು ದೊಡ್ಡಕ್ಕ. ಮೊದಲು ಆಧಾರವನ್ನು, ಈಗ ಅತ್ತಿಗೆಯನ್ನು. ಸಾಹೇಬರು ಮುಂದಿನ ವಿಷಯಕ್ಕೆ ಕಾಗದ ತಿರುವಿಯೂ ಆಯಿತು.

“ಸರ್, ಇದಕ್ಕೆ ಇನ್ನೊಂದು ಆಧಾರ ಇದೆ” ಎಂದಳು ಪುಟ್ಟಿ.

ಪರದೆಯ ಮೇಲೆ ಸಾಮಾನುಗಳ ಬಳಕೆ ಮೂಡಿತು. ದಡಾರ ಹಬ್ಬಿದ ತಿಂಗಳುಗಳಲ್ಲೆಲ್ಲ ‘ಖಾಲಿ’ ಕೋಣೆಯ ಗ್ಲೌಸಿನ ಗೆರೆ ಗುಡ್ಡದಂತೆ ಏರಿತ್ತು, ಕಾಯಿಲೆ ಇಳಿದಾಗ ಜೊತೆಗೇ ಇಳಿದಿತ್ತು. ವಾರ್ಡಿನ ಹೆಚ್ಚುವರಿ ಮಂಚಗಳ ಗೆರೆಯನ್ನು ಪುಟ್ಟಿ ಅದರ ಮೇಲಿಟ್ಟಳು. ಎರಡೂ ಗೆರೆ ಒಂದೇ ತಾಯಿಯ ಮಕ್ಕಳಂತಿದ್ದವು.

“ಇದು ಸಲಹೆಯಲ್ಲಿ ಇರಲಿಲ್ಲವಲ್ಲ?” ಎಂದರು ಸಾಹೇಬರು.

“ನಾನು ಕೈಬಿಟ್ಟಿದ್ದೆ ಸರ್. ಕಳ್ಳತನ ಅಂದ್ಕೊಂಡೆ. ಅವರು ನಮ್ಮ ಅತ್ತಿಗೆ.”

ಡಾಕ್ಟರು ಮುಚ್ಚಳವನ್ನು ಪೆನ್ನಿಗೆ ಹಾಕಿ, ಅದು ಗಟ್ಟಿಯಾಗಿ ಕೂತಿದೆಯೇ ಎಂದು ನೋಡಿದರು.

ಸಾಹೇಬರಿಗೆ ಈ ಸಲ ಸಾರಾಂಶ ಬೇಕಾಗಲಿಲ್ಲ. ಗೋಡೆ ಹಾಗೇ ಇರಲಿ ಎಂದರು. ಅತ್ತಿಗೆ ನಾದಿನಿ ಇಬ್ಬರೂ ಲಿಖಿತ ವಿವರಣೆ ಕೊಡಬೇಕು, ಅದನ್ನು ನೋಡಿ ಮುಂದಿನ ಕ್ರಮ. ನಾಳೆಯಿಂದ ಒಳಕೋಣೆಯ ಮಗುವನ್ನು ಒಳಕೋಣೆ ಎಂದೇ ಬರೆಯಬೇಕು.

“ತಾಯಂದಿರು ಸರ್?”

“ನಿಯಮ ಇದೆಯಲ್ಲ ಸಿಸ್ಟರ್. ಇಷ್ಟು ವರ್ಷ ಏನೂ ಆಗಿಲ್ಲ ಅಂತೀರಿ. ಇರಬಹುದು. ಇಷ್ಟು ವರ್ಷ ಸುಳ್ಳು ಬರೆದವರು ಅದನ್ನ ಹೇಳಿದ್ರೆ ನಾನು ಹೇಗೆ ನಂಬಲಿ?”

ಅವರ ಜಾಗದಲ್ಲಿದ್ದರೆ ದೊಡ್ಡಕ್ಕನೂ ನಂಬುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾಯಿಕೆಮ್ಮಿನ ಮಗುವೊಂದು ಬಂತು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತ್ತು. ಮಗು ತಾಯಿಯ ಕುತ್ತಿಗೆಗೆ ಜೋತುಬಿದ್ದು, ನರ್ಸು ಹಿಡಿದ ಲೋಟವನ್ನು ಕೈಯಿಂದ ತಳ್ಳಿ, ತಾಯಿ ಹಿಡಿದಾಗ ಗುಟುಕರಿಸಿತು. ಮೆಣಸಿನಕಾಯಿ ಕಂಪ್ಯೂಟರಿನ ಮೇಲೆ ಬೆರಳು ಎತ್ತಿಹಿಡಿದು ಕಾದಳು. ಎಂದಿನ ಖಾರ ಇರಲಿಲ್ಲ.

“ಏನು ಬರೀಲಿ ಅಕ್ಕಾ?”

“ಒಳಕೋಣೆ ಅಂತಲೇ ಬರಿ.”

“ಮತ್ತೆ ಆ ತಾಯಿ?”

“ತಾಯೀನೂ ಬರಿ. ಮಗುವಿನ ಜೊತೆ ಒಳಗಿದ್ದಾಳೆ ಅಂತ ಬರಿ.”

“ಅಕ್ಕಾ, ಗೊತ್ತಾಗಿಬಿಡುತ್ತೆ.”

“ಗೊತ್ತಾಗಲಿ ಅಂತಲೇ ಬರೆಯೋದು.”

ಮೆಣಸಿನಕಾಯಿ ಒತ್ತಿದಳು. ‘ನಿಯಮಕ್ಕೆ ವಿರುದ್ಧ. ಕಾರಣ ತಿಳಿಸಿ’ ಎಂದ ಬಲ್ಲಜ್ಜ. ದೊಡ್ಡಕ್ಕ ಅವಳನ್ನು ಎಬ್ಬಿಸಿ ತಾನೇ ಕುಳಿತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಕೊನೆಗೆ ತನ್ನ ಹುದ್ದೆ ಬರೆದಳು. ತಾಯಿಗೆ ಗೌನು ಕಟ್ಟಿ ಒಳಗೆ ಕಳಿಸಿ ಬರುವಷ್ಟರಲ್ಲಿ ಮೇಜಿನ ಫೋನು ಬಡಿದುಕೊಳ್ಳುತ್ತಿತ್ತು.

“ಅತ್ತಿಗೆ, ಒಳಕೋಣೇಲಿ ತಾಯಿ ಇದ್ದಾಳೆ ಅಂತ ಬಂದಿದೆ. ಕೈತಪ್ಪಾ?” ಪುಟ್ಟಿಯ ದನಿ ಇಸ್ತ್ರಿ ಹಾಕಿದಂತೆ ನಯವಾಗಿತ್ತು. ಮನೆಯ ದನಿ ಅದಲ್ಲ. ದೊಡ್ಡಕ್ಕನ ಕಿವಿ ನೆಟ್ಟಗಾಯಿತು. ಕೈತಪ್ಪು ಎಂದರೆ ಅಳಿಸಲು ದಾರಿ ಮಾಡಿಕೊಡುತ್ತಿದ್ದಾಳೋ, ಅಥವಾ ಯಾರೋ ಅವಳಿಂದ ಹೀಗೆ ಕೇಳಿಸುತ್ತಿದ್ದಾರೋ?

“ಕೈತಪ್ಪಲ್ಲ. ಪಕ್ಕದಲ್ಲಿ ಯಾರಾದ್ರೂ ಇದಾರಾ?”

“ಇದಾರೆ.”

“ಸಾಹೇಬರಾ?”

“ಹೂಂ.”

“ಹಾಗಿದ್ರೆ ನಾನು ಬರೆದಿರೋ ಕಾರಣಾನ ಜೋರಾಗಿ ಓದು.”

ಫೋನಿನ ಆಚೆ ಪುಟ್ಟಿ ಗಂಟಲು ಸರಿಮಾಡಿಕೊಂಡಳು. ನಂತರ, ಅವಸರವಿಲ್ಲದೆ, ಒಂದು ಪದವನ್ನೂ ನುಂಗದೆ ಓದತೊಡಗಿದಳು: “ಮಗು ತಾಯಿಯ ಕೈಯಿಂದ ಮಾತ್ರ ನೀರು ಕುಡಿಯುತ್ತದೆ. ತಾಯಿಯನ್ನು ಒಳಗೆ ಬಿಟ್ಟಿದ್ದೇನೆ. ಮುಂದೆ ಏನಾದರೂ, ಒಳ್ಳೆಯದಾದರೂ ಕೆಟ್ಟದ್ದಾದರೂ, ಇಲ್ಲೇ ಬರೆಯುತ್ತೇನೆ.”